ಮನೆಯಲ್ಲೇ ಸೋಪು: ಬೇಸ್ ಕರಗಿಸುವುದಾ, ಕಾಸ್ಟಿಕ್ ಸೋಡಾನಾ, ಇಲ್ಲಾ ಹೆಸರುಹಿಟ್ಟೇ ಸಾಕಾ?

ಮನೆಯಲ್ಲಿ ಸೋಪು ಮಾಡಲು ನಾಲ್ಕು ದಾರಿಗಳಿವೆ. ಒಂದು, ಅಂಗಡಿಯ ಸೋಪ್ ಬೇಸ್ ತಂದು ಕರಗಿಸಿ ಅಚ್ಚಿಗೆ ಸುರಿಯುವುದು. ಇನ್ನೊಂದು, ಎಣ್ಣೆಗೆ ಕಾಸ್ಟಿಕ್ ಸೋಡಾ (ಅಡುಗೆ ಸೋಡಾ ಅಲ್ಲ, ಮೈ ಸುಡುವ ತೀಕ್ಷ್ಣ ಕ್ಷಾರ) ಕರಗಿಸಿದ ನೀರು ಸೇರಿಸಿ ತಿರುವಿ ವಾರಗಟ್ಟಲೆ ಒಣಗಿಸುವುದು, ಅದೇ ಕೋಲ್ಡ್ ಪ್ರೋಸೆಸ್. ಅದನ್ನೇ ಒಲೆಯ ಮೇಲಿಟ್ಟು ಬೇಯಿಸಿದರೆ ಹಾಟ್ ಪ್ರೋಸೆಸ್. ಸವೆದು ಉಳಿದ ಸೋಪಿನ ಚೂರುಗಳನ್ನು ತುರಿದು ಮತ್ತೆ ಬಿಲ್ಲೆ ಮಾಡುವುದು ನಾಲ್ಕನೆಯದು.

ನಾಲ್ಕನ್ನೂ ಮಾಡಿ ನೋಡಿದ್ದೇನೆ. ಮನೆಯಲ್ಲಿ 6 ವರ್ಷದ ಮಗಳು, 3 ವರ್ಷದ ಮಗ. ಇರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ, ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ತವರುಮನೆ ಪುತ್ತೂರಿನ ಹತ್ತಿರ, ಅಲ್ಲಿ ಬಾವಿ ನೀರು. ಈ ವಿವರ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಕ್ಕಳ ವಯಸ್ಸು ಮತ್ತು ನಲ್ಲಿಯ ನೀರು, ಇವೆರಡು ಬದಲಾದರೆ ನನ್ನ ತೀರ್ಮಾನವೂ ಬದಲಾಗುತ್ತದೆ.

ಮಕ್ಕಳ ಜೊತೆ ಕೂತು ಮಾಡುವುದಾದರೆ ಸೋಪ್ ಬೇಸ್ ಒಂದೇ ಸರಿ. ಬೇಸ್ ಅಂದರೆ ಆಗಲೇ ಸೋಪಾಗಿರುವ ವಸ್ತು. ಕಾಸ್ಟಿಕ್ ಸೋಡಾದ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಾನು ತರುವ ಬೇಸ್ ಕಿಲೋಗೆ 300 ರೂಪಾಯಿ ಆಸುಪಾಸು, ಅರ್ಧ ಕಿಲೋದಲ್ಲಿ 100 ಗ್ರಾಮಿನ ಐದು ಬಿಲ್ಲೆ ಬರುತ್ತವೆ. ಮಗಳು ಬೆಣ್ಣೆ ಹಚ್ಚುವ ಮೊಂಡು ಚಾಕುವಿನಲ್ಲಿ ಅದನ್ನು ಚೌಕ ಚೌಕ ಕತ್ತರಿಸುತ್ತಾಳೆ. ಮಗ ಆ ಚೂರುಗಳನ್ನು ಒಂದೊಂದೇ ಬಟ್ಟಲಿಗೆ ಹಾಕುತ್ತಾನೆ, ಪ್ರತಿ ಸಲವೂ "ಇದು ತಿನ್ನೋದಾ?" ಅಂತ ಕೇಳುತ್ತಾನೆ. ಬಿಳಿ ಬೇಸ್ ನೋಡಿದರೆ ಯಾರಿಗಾದರೂ ಆ ಅನುಮಾನ ಬರುತ್ತದೆ ಬಿಡಿ.

ಬಿಸಿನೀರಿನ ಪಾತ್ರೆಯ ಮೇಲೆ ಸ್ಟೀಲ್ ಬಟ್ಟಲಿಟ್ಟು ಕರಗಿಸಿದರೆ ಸಾಕು. 60-65 ಡಿಗ್ರಿಗೆ ಕರಗುತ್ತದೆ. ಕುದಿಸಬಾರದು, ನೀರಿನಂಶ ಹೋಗಿ ಬಿಲ್ಲೆ ರಬ್ಬರಿನಷ್ಟು ಗಟ್ಟಿಯಾಗುತ್ತದೆ. ಕರಗಿದ ಬೇಸ್ ಮೈಮೇಲೆ ಬಿದ್ದರೆ ಅಲ್ಲೇ ಅಂಟಿಕೊಂಡು ಸುಡುತ್ತದೆ, ಹಾಗಾಗಿ ಸೌಟು ನನ್ನ ಕೈಯಲ್ಲಿ. ಅಚ್ಚಿಗೆ ಸಿಲಿಕಾನ್ ಮೋಲ್ಡೇ ಬೇಕು ಅಂತಿಲ್ಲ. ತೂತಿಲ್ಲದ ಇಡ್ಲಿ ತಟ್ಟೆಗೆ ಒಂಚೂರು ಎಣ್ಣೆ ಸವರಿ ಸುರಿದರೆ ಚೆಂದದ ಗುಂಡು ಬಿಲ್ಲೆ ಬರುತ್ತದೆ. ಒಂದೆರಡು ಗಂಟೆಯಲ್ಲಿ ಅಚ್ಚಿನಿಂದ ಬಿಡಿಸಬಹುದು. ಸಂಜೆ ಮಾಡಿದ ಸೋಪಿನಲ್ಲಿ ಅದೇ ರಾತ್ರಿ ಕೈ ತೊಳೆಯಬಹುದು. 6 ವರ್ಷದ ಮಗುವಿನ ತಾಳ್ಮೆಗೆ ಇದಕ್ಕಿಂತ ಹೊಂದುವ ವಿಧಾನ ಇನ್ನೊಂದಿಲ್ಲ.

ಕೊರತೆಗಳೂ ಇವೆ. ಒಳಗೆ ಹಾಕಿದ ಗುಲಾಬಿ ದಳ ಕೆಲವೇ ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಓಟ್ಸ್ ಪುಡಿ ಹಾಕಿದರೆ ತಳಕ್ಕೆ ಇಳಿಯುತ್ತದೆ, ಬೇಸ್ ಸ್ವಲ್ಪ ಆರಿ ದಪ್ಪಗಾದ ಮೇಲೆ ಹಾಕಬೇಕು. ದೊಡ್ಡ ತಾಪತ್ರಯ ಮಳೆಗಾಲದ್ದು. ಬೇಸ್‌ನಲ್ಲಿ ಗ್ಲಿಸರಿನ್ ಜಾಸ್ತಿ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಪುತ್ತೂರಿಗೆ ಒಯ್ದ ಬಿಲ್ಲೆಗಳ ಮೈತುಂಬಾ ಮುತ್ತಿನಂತೆ ನೀರ ಹನಿ. ಮುಟ್ಟಿದರೆ ಅಂಟು ಅಂಟು. ಬೆಂಗಳೂರಿನ ಜನವರಿಯಲ್ಲಿ ಇದೇ ಬಿಲ್ಲೆ ಒಣಗಿಕೊಂಡು ನೆಟ್ಟಗಿರುತ್ತದೆ. ಕರಾವಳಿಯವರು ಅಚ್ಚಿನಿಂದ ತೆಗೆದ ಕೂಡಲೇ ತೆಳು ಪ್ಲಾಸ್ಟಿಕ್ ಸುತ್ತಿಡುವುದು ಒಳ್ಳೆಯದು.

ಇನ್ನೊಂದು ವಿಷಯ. ಪ್ಯಾಕೆಟ್ಟಿನ ಹಿಂದೆ ಏನು ಬರೆದಿದೆ ಅಂತ ಓದಿ. ಕೆಲವು ಬೇಸ್‌ಗಳಿಗೆ ನೊರೆಗಾಗಿ ಸೋಡಿಯಂ ಲಾರೆತ್ ಸಲ್ಫೇಟ್ ಸೇರಿಸಿರುತ್ತಾರೆ. "ಮನೆಯಲ್ಲೇ ಮಾಡಿದ್ದು, ಏನೂ ಕೆಮಿಕಲ್ ಇಲ್ಲ" ಅಂತ ನೆಂಟರಿಗೆ ಹೇಳುವ ಮೊದಲು ನೋಡಿಕೊಂಡರೆ ಕ್ಷೇಮ.

ಈಗ ಕೋಲ್ಡ್ ಪ್ರೋಸೆಸ್. ಸೋಪಿನ ಗುಣ ಒಂದನ್ನೇ ನೋಡಿದರೆ ಗೆಲ್ಲುವುದು ಇದೇ, ಅನುಮಾನವೇ ಇಲ್ಲ. ಎಣ್ಣೆ ಯಾವುದು, ಎಷ್ಟು, ಎಲ್ಲ ನಮ್ಮ ಕೈಯಲ್ಲಿ. ಎಣ್ಣೆ ಸೋಪಾಗುವಾಗ ಹುಟ್ಟುವ ಗ್ಲಿಸರಿನ್ ಬಿಲ್ಲೆಯೊಳಗೇ ಉಳಿಯುತ್ತದೆ, ಬೇರೆ ತೆಗೆಯುವವರಿಲ್ಲ. ನನಗೆ ಒಗ್ಗಿದ ಲೆಕ್ಕ ಇದು: ತೆಂಗಿನೆಣ್ಣೆ 300 ಗ್ರಾಂ, ಎಳ್ಳೆಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 75 ಗ್ರಾಂ, ನೀರು 155 ಗ್ರಾಂ. ಇದರಲ್ಲಿ ಸುಮಾರು ನೂರಕ್ಕೆ 8ರಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ, ಚರ್ಮ ಬಿರಿಯದಿರಲಿ ಅಂತ. ಎಣ್ಣೆ ಬದಲಾಯಿಸಿದರೆ ಸೋಡಾದ ಲೆಕ್ಕವೂ ಬದಲಾಗಬೇಕು. ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ ಸೋಡಾ ಬೇಕು, ಹರಳೆಣ್ಣೆಗೆ 0.128 ಸಾಕು. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದವರು ಇದರ ಸುದ್ದಿಗೆ ಹೋಗಬೇಡಿ. ಮೋರಿ ತೊಳೆಯುವ ಪುಡಿಯೂ ಬೇಡ, ಅದರಲ್ಲಿ ಬೇರೇನೇನೋ ಬೆರೆಸಿರುತ್ತಾರೆ.

ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕೊತಕೊತ ಕುದಿದು ಮೇಲಕ್ಕೆ ಎಗರುತ್ತದೆ. ಸರಿಯಾಗಿ ಹಾಕಿದರೂ ಒಲೆ ಇಲ್ಲದೆಯೇ 80 ಡಿಗ್ರಿ ದಾಟುತ್ತದೆ, ಘಾಟು ಹೊಗೆ ಏಳುತ್ತದೆ. ಬಾಲ್ಕನಿಯಲ್ಲೋ ಅಂಗಳದಲ್ಲೋ ಮಾಡಬೇಕು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಡಬರಿ, ಹಿಂಡಾಲಿಯಂ ಬಾಣಲೆ ಬೇಡವೇ ಬೇಡ. ಸೋಡಾ ಆ ಲೋಹವನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲ ಬಿಡುತ್ತದೆ. ನಮ್ಮ ಅಮ್ಮ ತಿರುವಲು ಮಜ್ಜಿಗೆ ಕಡೆಯುವ ಕಡಗೋಲು ತಂದುಕೊಟ್ಟರು. ಮರವನ್ನೂ ಅದು ಬಿಡುವುದಿಲ್ಲ, ನಾರು ನಾರಾಗಿಸುತ್ತದೆ ಅಂದೆ. "ಇಂಥದ್ದನ್ನು ಮೈಗೆ ಹಚ್ಚಲಿಕ್ಕೆ ನಿನಗೆ ಮರುಳಾ ಮಾರಾಯ್ತಿ" ಅಂದರು. ಅವರ ಪ್ರಶ್ನೆ ಸರಿಯಾದದ್ದೇ. ಲೆಕ್ಕ ಸರಿ ಇದ್ದರೆ ಕೊನೆಗೆ ಬಿಲ್ಲೆಯಲ್ಲಿ ಸೋಡಾ ಉಳಿಯುವುದಿಲ್ಲ, ಎಲ್ಲಾ ಎಣ್ಣೆಯ ಜೊತೆ ಸೇರಿ ಸೋಪಾಗಿರುತ್ತದೆ ಅಂತ ಉತ್ತರ ಕೊಟ್ಟೆ. ಪೂರ್ತಿ ನಂಬಲಿಲ್ಲ.

ಹ್ಯಾಂಡ್ ಬ್ಲೆಂಡರಿನಲ್ಲಿ ತಿರುವಿದರೆ ಕೆಲವೇ ನಿಮಿಷದಲ್ಲಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಮೇಲಿಂದ ಬಿಟ್ಟ ಗೆರೆ ಒಂದು ಕ್ಷಣ ಹಾಗೇ ನಿಂತರೆ ಹದ ಬಂತು ಅಂತ ಅರ್ಥ. ಅಚ್ಚಿಗೆ ಸುರಿದು, ಮುಚ್ಚಿಟ್ಟು, ಮಾರನೇ ದಿನ ಕತ್ತರಿಸಿ, ಆಮೇಲೆ 4ರಿಂದ 6 ವಾರ ಗಾಳಿಯಾಡುವ ಕಡೆ ಒಣಗಿಸಬೇಕು. ಹಸಿ ಬಿಲ್ಲೆಯನ್ನು ಮಕ್ಕಳು ಮುಟ್ಟುವಂತಿಲ್ಲ, ಹಾಗಾಗಿ ಜಾಗವೂ ಎತ್ತರದಲ್ಲಿರಬೇಕು.

ನಿಜವಾದ ತೊಡಕು ಇಲ್ಲಿದೆ. ಕಾಸ್ಟಿಕ್ ಸೋಡಾ ಕರಗಿಸಿದ ನೀರು ಆರಿ ತಿಳಿಯಾದ ಮೇಲೆ ನೋಡಿದರೆ ಬರೀ ನೀರು. ಬಣ್ಣವಿಲ್ಲ, ವಾಸನೆಯಿಲ್ಲ. ಸ್ಟೀಲ್ ಲೋಟದಲ್ಲಿದ್ದರೆ 3 ವರ್ಷದ ಹುಡುಗ ಎತ್ತಿ ಕುಡಿಯುತ್ತಾನೆ. ಒಂದು ಗುಟುಕು ಸಾಕು, ಬಾಯಿ, ಅನ್ನನಾಳ ಎಲ್ಲ ಸುಟ್ಟುಹೋಗುತ್ತದೆ. ಹಾಗೆ ಆದರೆ ವಾಂತಿ ಮಾಡಿಸಲೇಬಾರದು, ವಾಪಸ್ ಬರುವಾಗ ಮತ್ತೊಮ್ಮೆ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಓಡಬೇಕು. ಚರ್ಮಕ್ಕೆ ತಗುಲಿದರೆ ನಲ್ಲಿಯ ಕೆಳಗೆ ಹಿಡಿದು 15-20 ನಿಮಿಷ ಬಿಡದೆ ತೊಳೆಯಬೇಕು. ವಿನೆಗರ್ ಸುರಿಯಿರಿ ಅಂತ ಕೆಲವರು ಹೇಳುತ್ತಾರೆ, ಬೇಡ, ನೀರೇ ಸರಿ. "ಮಕ್ಕಳು ಮಲಗಿದ ಮೇಲೆ ಮಾಡ್ತೀನಿ" ಅಂತ ಎಲ್ಲರೂ ಅನ್ನುತ್ತಾರೆ. ನಮ್ಮ ಮನೆಯ ಚಿಕ್ಕವನು ರಾತ್ರಿ ಯಾವ ಹೊತ್ತಿಗೆ ಎದ್ದು ಅಡುಗೆಮನೆಗೆ ಬರುತ್ತಾನೆ ಅಂತ ದೇವರಿಗೇ ಗೊತ್ತು. ಅದಕ್ಕೇ ಫ್ಲ್ಯಾಟಿನಲ್ಲಿ ಕೋಲ್ಡ್ ಪ್ರೋಸೆಸ್ ನಿಲ್ಲಿಸಿದ್ದೇನೆ. ತವರಿನಲ್ಲಿ ಹಿತ್ತಲ ಕಡೆ ಬೇರೆ ಕೊಟ್ಟಿಗೆ ಇದೆ, ಬಾಗಿಲಿಗೆ ಅಗಳಿ ಇದೆ, ಮಕ್ಕಳನ್ನು ಹಿಡಿದಿಡಲು ಅಜ್ಜ ಇದ್ದಾರೆ. ಅಲ್ಲಿ ಮಾತ್ರ ಮಾಡುತ್ತೇನೆ.

ಹಾಟ್ ಪ್ರೋಸೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರದೊಳಗೆ ಬಳಸಬಹುದು ಅನ್ನುವುದೊಂದೇ ಲಾಭ. ಅದೇ ಸೋಡಾ, ಅದೇ ಅಪಾಯ, ಮೇಲಿಂದ ಬೆಂಕಿಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ಉಕ್ಕುತ್ತಾ, ಗಂಟು ಕಟ್ಟುತ್ತಾ ಬೇಯುವ ಕ್ಷಾರದ ಪಾತ್ರೆಯನ್ನು ಬಿಟ್ಟು "ಅಮ್ಮಾ, ಬಾತ್‌ರೂಮ್ ಆಯ್ತು" ಅನ್ನುವ ಕೂಗಿಗೆ ಓಡುವುದು ಹೇಗೆ? ಬಿಲ್ಲೆಯೂ ಒರಟು ಒರಟು. ಚಿಕ್ಕ ಮಕ್ಕಳಿರುವ ಮನೆಗೆ ಇದು ಸಲ್ಲದು.

ಚೂರು ತುರಿದು ಮಾಡುವುದನ್ನು ಜನ ಹಗುರವಾಗಿ ನೋಡುತ್ತಾರೆ, ನನಗೆ ಇಷ್ಟ. ಖರ್ಚೇ ಇಲ್ಲ. ಸವೆದ ಚೂರುಗಳನ್ನು ಡಬ್ಬದಲ್ಲಿ ಕೂಡಿಟ್ಟು, ಹಳೇ ತುರಿಮಣೆಯಲ್ಲಿ ತುರಿದು, ಸ್ವಲ್ಪ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟುವುದು. ಉಂಡೆ ಕಟ್ಟುವ ಕೆಲಸ ಮಕ್ಕಳದ್ದು, ಕೈಗೆ ಹತ್ತಿದ್ದು ಸೋಪೇ ಆದ್ದರಿಂದ ತೊಳೆಯುವುದೂ ಸುಲಭ. ನೋಡಲು ಅಂದವಿಲ್ಲ. ನಮ್ಮಲ್ಲಿ ಅಜ್ಜ ಬಿಡದೆ ಬಳಸುವ ಮೈಸೂರು ಸ್ಯಾಂಡಲ್‌ನ ಚೂರು ಸೇರಿದಾಗ ಮಾತ್ರ ಮನೆಯೆಲ್ಲ ಶ್ರೀಗಂಧದ ಪರಿಮಳ. ಮಕ್ಕಳ ಕೈತೊಳೆಯುವ ಸೋಪಾಗಿ ಇದು ಧಾರಾಳ.

ನೀರಿನ ವಿಷಯಕ್ಕೆ ಬರೋಣ. ಸೋಪು ಮಾಡುವವರ ಮಾತಿನಲ್ಲಿ ಇದು ಬರುವುದೇ ಕಡಿಮೆ. ಪುತ್ತೂರಿನ ಬಾವಿ ನೀರಿನಲ್ಲಿ ಎರಡು ಸಲ ಉಜ್ಜಿದರೆ ಕೈತುಂಬ ನೊರೆ ಬರಿಸಿದ ಅದೇ ಬಿಲ್ಲೆ, ಬೆಂಗಳೂರಿನ ನಮ್ಮ ನಲ್ಲಿಯ ಕೆಳಗೆ ಮೊಂಡು ಹಿಡಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವುದು, ಮಗಳ ಕೂದಲನ್ನು ಪೊರಕೆಯಂತೆ ಒರಟು ಮಾಡುವುದು ಅದೇ. ಅದಕ್ಕೇ ನಮ್ಮಲ್ಲಿ ಎಳ್ಳೆಣ್ಣೆಗಿಂತ ತೆಂಗಿನೆಣ್ಣೆ ಜಾಸ್ತಿ. ತೆಂಗಿನೆಣ್ಣೆಯ ಸೋಪು ಗಡಸು ನೀರಿನಲ್ಲೂ ಅಷ್ಟಿಷ್ಟು ನೊರೆ ಕೊಡುತ್ತದೆ, ಹಡಗಿನವರು ಸಮುದ್ರದ ನೀರಿಗೂ ಅದನ್ನೇ ಬಳಸುತ್ತಿದ್ದರು. ಆದರೆ ತೆಂಗಿನೆಣ್ಣೆ ತೀರಾ ಹೆಚ್ಚಾದರೆ ಚರ್ಮ ಒಣಗುತ್ತದೆ. 2025ರಲ್ಲಿ ಅದರ ಬೆಲೆ ಏರಿದ ಏರಿಕೆ ನೋಡಿದ ಮೇಲೆ ಕೈಯೂ ಹಿಂಜರಿಯುತ್ತದೆ. ಹಣ ಉಳಿಸಲು ಸೋಪು ಮಾಡುವ ಕಾಲ ಅಂತೂ ಇದಲ್ಲ.

ಅರಿಶಿನದ ಮಾತು ಒಂದಿದೆ. ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದು ಎಲ್ಲರೂ ನೋಡಿದ್ದೇ. ಮಗಳಿಗೆ ಇದೇ ಆಟ. ಅರಿಶಿನ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳನ್ನು ಸಾಲಾಗಿ ಇಟ್ಟುಕೊಂಡು ಒಂದಕ್ಕೆ ನಿಂಬೆರಸ, ಒಂದಕ್ಕೆ ಹಾಲು, ಒಂದಕ್ಕೆ ಒದ್ದೆ ಸೋಪು. ಸೋಪು ತಗುಲಿದ್ದು ಮಾತ್ರ ಕುಂಕುಮದ ಕಡೆ ತಿರುಗುತ್ತದೆ. ಇದರಿಂದ ಬಿಲ್ಲೆಯಲ್ಲಿ ಸೋಡಾ ಉಳಿದಿದೆಯಾ ಅಂತ ಮಾತ್ರ ತಿಳಿಯುವುದಿಲ್ಲ. ಯಾವುದೇ ನಿಜವಾದ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9-10 ಇರುತ್ತದೆ, ಅಂಗಡಿಯದ್ದಕ್ಕೂ ಕಾಗದ ಕೆಂಪಾಗುತ್ತದೆ. ನಮ್ಮ ಚರ್ಮದ್ದು ಸುಮಾರು 5.5.

ಈ ಅಂತರದಿಂದಲೇ ಚಿಕ್ಕವನ ಸ್ನಾನಕ್ಕೆ ನಾಲ್ಕರಲ್ಲಿ ಯಾವುದನ್ನೂ ದಿನಾ ಬಳಸುವುದಿಲ್ಲ. ಅವನಿಗೆ ಹೆಸರುಹಿಟ್ಟು. ಹೆಸರುಬೇಳೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಜರಡಿ ಹಿಡಿದು, ಒಣ ಡಬ್ಬದಲ್ಲಿ ಇಟ್ಟರೆ ಆಯಿತು. ಎಣ್ಣೆ ಹಚ್ಚಿದ ಮೈಗೆ ಕಲಸಿ ಹಚ್ಚಿದರೆ ಜಿಡ್ಡು ಹೋಗುತ್ತದೆ, ಗಡಸು ನೀರಿನ ರಗಳೆಯೂ ಇಲ್ಲ. ಕಡಲೆಹಿಟ್ಟಿಗಿಂತ ಇದು ಮೃದು, ತೊಳೆದು ಹೋಗುವುದೂ ಬೇಗ. ನೊರೆ ಬರುವುದಿಲ್ಲ ಅಂತ ಅವನ ತಕರಾರು. ಕೊನೆಗೆ ಅಕ್ಕ ಮಾಡಿದ ಇಡ್ಲಿ ಸೋಪಿನಲ್ಲಿ ಕೈಕಾಲು ಮಾತ್ರ ಉಜ್ಜಲು ಬಿಡುತ್ತೇನೆ. ಮೋರಿಯ ಜರಡಿಯಲ್ಲಿ ಹಿಟ್ಟು ಕಟ್ಟಿಕೊಳ್ಳುತ್ತದೆ ಅನ್ನುವುದು ನಮ್ಮವರ ತಕರಾರು, ಅದು ನಿಜ.

ಪರಿಮಳಕ್ಕೆ ಅಂತ ಕರ್ಪೂರ, ನೀಲಗಿರಿ ಎಣ್ಣೆ ಹಾಕುವವರಿದ್ದಾರೆ. ಚಿಕ್ಕ ಮಕ್ಕಳ ಸೋಪಿಗೆ ಎರಡೂ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು, ಮತ್ತು ಸೋಪು ನೆಕ್ಕದ 3 ವರ್ಷದ ಮಗುವನ್ನು ನಾನಿನ್ನೂ ಕಂಡಿಲ್ಲ. ಪರಿಮಳವೇ ಇಲ್ಲದ ಬಿಲ್ಲೆಗೆ ಎಳ್ಳೆಣ್ಣೆಯ ಒಂದು ಸಣ್ಣ ವಾಸನೆ ಇರುತ್ತದೆ, ಅಷ್ಟು ಸಾಕು.

ಹಾಗಾಗಿ ಸದ್ಯದ ಏರ್ಪಾಡು ಹೀಗೆ. ಫ್ಲ್ಯಾಟಿನಲ್ಲಿ ಬೇಸ್ ಮತ್ತು ಚೂರಿನ ಉಂಡೆ, ಮಕ್ಕಳ ಜೊತೆ. ರಜೆಗೆ ಪುತ್ತೂರಿಗೆ ಹೋದಾಗ ಕೋಲ್ಡ್ ಪ್ರೋಸೆಸ್, ನಾನೊಬ್ಬಳೇ, ಆದಷ್ಟೂ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಅದು ಒಣಗುವುದು ತೀರಾ ನಿಧಾನ. ಬಿಲ್ಲೆಗಳು ಅಟ್ಟದ ಮೇಲೆ ಒಣಗುತ್ತವೆ, ಯಾರಾದರೂ ಬೆಂಗಳೂರಿಗೆ ಬರುವಾಗ ಹಲಸಿನ ಹಪ್ಪಳದ ಜೊತೆ ತಂದುಕೊಡುತ್ತಾರೆ. ಉಳಿದ ಕಾಸ್ಟಿಕ್ ಸೋಡಾದ ಡಬ್ಬವೂ ಅಲ್ಲೇ, ಕೊಟ್ಟಿಗೆಯ ಬೀಗದೊಳಗೆ. ದೊಡ್ಡವಳಿಗೆ ದೀಪಾವಳಿಗೆ ಅಪಾರ್ಟ್‌ಮೆಂಟಿನಲ್ಲಿ ಸೋಪಿನ ಅಂಗಡಿ ಹಾಕುವ ಆಸೆ ಇದೆ. ಮಾರಲು ಸೋಪು ತಯಾರಿಸುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಲೈಸೆನ್ಸ್ ಬೇಕು ಅಂತ ಹೇಳಿದೆ. ಸುಮ್ನೆ ಹಂಚೋಣ ಅಂತ ಒಪ್ಪಿದ್ದಾಳೆ, ಆದರೆ ಬೆಲೆಯ ಚೀಟಿಗಳನ್ನು ಆಗಲೇ ಬರೆದಿಟ್ಟುಕೊಂಡಿದ್ದಾಳೆ.