ಶಿಕ್ಷಕರ ತರಬೇತಿ: ದೀಕ್ಷಾ ಆಪ್ ಸಾಕಾ, ಡಯಟ್ ಲ್ಯಾಬ್ ಬೇಕಾ?

ದೀಕ್ಷಾ ಆನ್‌ಲೈನ್ ಕಲಿಕೆಯ ಆಪ್; ಡಯಟ್ ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಎರಡೂ ಸರ್ಕಾರದ್ದೇ, ಎರಡಕ್ಕೂ ಫೀಸಿಲ್ಲ. 2017ರಲ್ಲಿ ಬಂದ ದೀಕ್ಷಾದಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಕೋರ್ಸ್‌ಗಳನ್ನು ಮನೆಯಲ್ಲೇ ಮುಗಿಸಬಹುದು. ರಜೆ, ಬಸ್ಸಿನ ತಾಪತ್ರಯವಿಲ್ಲ. ಆದರೆ ವಿಡಿಯೋ ಓಡಲು ಬಿಟ್ಟು ಅಡುಗೆಮನೆಗೆ ಹೋದರೂ ಕೇಳುವವರಿಲ್ಲ, ಅಲ್ವಾ? ಕೊನೆಯ ಕ್ವಿಜ್‌ನಲ್ಲಿ ಶೇ. 70 ಬಂದರೆ ಸರ್ಟಿಫಿಕೇಟ್ ಕೈಗೆ.

ಕರ್ನಾಟಕದ ಟ್ಯಾಲ್ಪ್ (ತಂತ್ರಜ್ಞಾನದ ನೆರವಿನ ಕಲಿಕಾ ಕಾರ್ಯಕ್ರಮ) ಮಾದರಿಯ ತರಬೇತಿ ಬೇರೆ ಥರ. ಪ್ರೌಢಶಾಲಾ ಶಿಕ್ಷಕರು ಡಯಟ್ ಲ್ಯಾಬ್‌ಗೇ ಹೋಗಿ ಕಂಪ್ಯೂಟರ್ ಮುಂದೆ ಕೂರಬೇಕು. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕನ್ನಡ ಟೈಪಿಂಗ್ ಕಲಿಯಬೇಕು. ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ತ್ರಿಭುಜದ ಮೂಲೆ ಹಿಡಿದು ಎಷ್ಟು ಎಳೆದಾಡಿದರೂ ಕೋನಗಳ ಮೊತ್ತ 180 ಡಿಗ್ರಿಯೇ! ಅದನ್ನು ಸ್ವತಃ ಮಾಡಿ ನೋಡುವುದೇ ಬೇರೆ. ತಪ್ಪಿದರೆ ಪಕ್ಕದವರನ್ನು ಕೇಳಬಹುದು. ಶಾಲೆಯಲ್ಲಿ ಪಾಠ ನಿಲ್ಲುತ್ತದೆ, ಅದೊಂದೇ ತೊಂದರೆ.

ಮೌಸ್ ಹಿಡಿಯಲು ಅಂಜಿಕೆಯಿದ್ದರೆ ಮೊದಲು ಲ್ಯಾಬ್‌ಗೆ ಹೋಗಿ. ಕೈ ಪಳಗಿದವರಿಗೆ ದೀಕ್ಷಾ ಸಾಕು.