ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ‘ಕರೆಂಟ್’ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ

ಮಂಡಿಯೊಳಗೆ ತೊಡೆಮೂಳೆಯನ್ನೂ ಕಾಲಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲಿರುವವರು ದಯವಿಟ್ಟು ಇದನ್ನು ಓದಿ. ಕಬಡ್ಡಿ ಆಡುವ ಹುಡುಗರಂತೂ ತಪ್ಪದೆ ಓದಿ. ನನ್ನ ಹಿಂತೊಡೆಯ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸಿದ ವೈದ್ಯರ ಬಗ್ಗೆ ನನಗೆ ದೂರಿಲ್ಲ. ಕಾಲು ಸೊರಗಿದ್ದು ಆಮೇಲೆ.

ಮನೆಗೆ ಹತ್ತಿರವಿದ್ದ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಮೂರು ತಿಂಗಳ ಪ್ಯಾಕೇಜ್, ಹಣವೆಲ್ಲ ಮುಂಗಡ. ಹೋದೊಡನೆ ಮಲಗಿಸುತ್ತಿದ್ದರು. ಮಂಡಿಯಡಿ ದಿಂಬು, ತೊಡೆಗೆ ಒದ್ದೆ ಸ್ಪಂಜಿನ ಪ್ಯಾಡ್‌ಗಳು, ಮೇಲೆ ರಬ್ಬರ್ ಪಟ್ಟಿ. ಕರೆಂಟ್ ಹರಿಸಿದಾಗ ಇರುವೆ ಹರಿದಂತೆ ಜುಮುಜುಮು. ಯಂತ್ರ ಕೂಗಿದಾಗ ಒಬ್ಬ ಹುಡುಗ ಬಂದು ಬಿಚ್ಚಿ, ಶಾಖದ ಚೀಲ ಇಟ್ಟು, ಎಣ್ಣೆ ತಿಕ್ಕಿ ಕಳಿಸುತ್ತಿದ್ದ. ವ್ಯಾಯಾಮ ಯಾವಾಗ ಎಂದು ಕೇಳಿದರೆ, ‘ಸುಮ್ಮನಿರಿ ಸರ್, ಹೊಸ ಲಿಗಮೆಂಟ್ ಕಿತ್ತುಹೋಗುತ್ತದೆ. ಬಲ ತಾನಾಗಿಯೇ ಬರುತ್ತದೆ, ಮೂರು ತಿಂಗಳಿಗೆ ಮ್ಯಾಟ್ ಮೇಲೆ ಇಳಿಯುತ್ತೀರಿ’ ಎನ್ನುತ್ತಿದ್ದರು. ಅಷ್ಟು ದಿನದಲ್ಲಿ ಒಮ್ಮೆಯೂ ಯಾರೂ ನನ್ನ ತೊಡೆಯನ್ನು ಅಳೆಯಲಿಲ್ಲ.

ಪ್ಯಾಕೇಜ್ ಮುಗಿದರೂ ಮೆಟ್ಟಿಲು ಇಳಿಯಲು ಕಂಬಿ ಬೇಕಿತ್ತು. ಮೈಸೂರಿನ ಇನ್ನೊಬ್ಬ ಫಿಸಿಯೋಥೆರಪಿಸ್ಟ್ ಮೊದಲು ಟೇಪು ಹಿಡಿದು, ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಗುರುತು ಹಾಕಿ ಎರಡೂ ತೊಡೆ ಅಳೆದರು. ಬೋರಲು ಮಲಗಿಸಿ, ಮೊಣಕಾಲಿನ ಕೆಳಭಾಗ ಮಂಚದಾಚೆ ಇರುವಂತೆ ಮಾಡಿದರು. ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಮೇಲೆಯೇ ನಿಂತಿತು, ಅಂದರೆ ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ತೊಡೆ ಬಿಗಿಹಿಡಿಯಿರಿ ಎಂದರು. ಸರಿಯಿದ್ದ ಕಾಲಿನಲ್ಲಿ ಚಿಪ್ಪಿನ ಪಕ್ಕದ ಸ್ನಾಯು ಗಟ್ಟಿಯಾಗಿ ಎದ್ದು ಕಂಡಿತು, ಇನ್ನೊಂದರಲ್ಲಿ ಚರ್ಮದಡಿ ಬರೀ ಅದುರಾಟ.

ಕಾರಣ ಅವರೇ ಬಿಡಿಸಿ ಹೇಳಿದರು. ಮಂಡಿಯಲ್ಲಿ ಪೆಟ್ಟು, ಬಾವು ಇದ್ದಾಗ ನರಮಂಡಲವೇ ಮುಂದೊಡೆಯ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ಬಾವು ಇಳಿಸಿ, ಮೊದಲ ದಿನಗಳಿಂದಲೇ ತೊಡೆ ಬಿಗಿಯುವ, ನೇರ ಕಾಲು ಎತ್ತುವ ಅಭ್ಯಾಸ ಮಾಡಿಸಿ ಅದನ್ನು ಎಬ್ಬಿಸಬೇಕು. ಮಂಡಿಯಡಿಯ ದಿಂಬು ಹಿತ ನಿಜ, ಆದರೆ ಕಾಲು ಬಾಗಿದಲ್ಲೇ ಬಿಗಿದುಕೊಳ್ಳುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ. ನನಗೆ ಹಚ್ಚಿದ ಐಎಫ್‌ಟಿ ಎಂಬ ಕರೆಂಟ್ ಯಂತ್ರ ನೋವು ತಗ್ಗಿಸಲು ಬಳಸುವಂಥದ್ದು, ಅದರಿಂದ ಸ್ನಾಯು ಬೆಳೆಯುವುದಿಲ್ಲ. ಸ್ನಾಯು ಬಿಗಿಯುವಂತೆ ಮಾಡುವ ಬೇರೆ ಬಗೆಯ ಕರೆಂಟ್ ಉಂಟು; ಅದೂ ವ್ಯಾಯಾಮದ ಜೊತೆಗೇ ಹೊರತು ಬದಲಿಗಲ್ಲ.

‘ಮೂರು ತಿಂಗಳಿಗೆ ಆಟ’ ಎನ್ನುವ ಮಾತಂತೂ ಶುದ್ಧ ಅಪಾಯ. ನೆಟ್ಟ ಸ್ನಾಯುರಜ್ಜು ಮೊದಲ ತಿಂಗಳುಗಳಲ್ಲಿ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತ, ಒಳಗೊಳಗೇ ಮಾರ್ಪಡುತ್ತ ಕೆಲಕಾಲ ದುರ್ಬಲವಾಗಿರುತ್ತದೆ. ನೋವು ಮಾತ್ರ ಅಷ್ಟರಲ್ಲಿ ಹೋಗಿರುತ್ತದೆ, ಹುಡುಗರು ಮೋಸ ಹೋಗುವುದು ಅಲ್ಲೇ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಆಸ್ಲೋದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಕ್ಯಾಲೆಂಡರ್ ಒಂದೇ ಸಾಲದು; ಮುಂದೊಡೆಯ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು, ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗಬೇಕು.

ಹಾಗಾಗಿ ಹಣ ಕೊಡುವ ಮುನ್ನ ನೇರವಾಗಿ ಕೇಳಿ: ಬಲವನ್ನು ಹೇಗೆ ಅಳೆಯುತ್ತೀರಿ? ಭಾರ ಯಾವಾಗ, ಎಷ್ಟೆಷ್ಟು ಏರಿಸುತ್ತೀರಿ? ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಸೂಚನಾಪತ್ರ ನೋಡುತ್ತೀರಾ? ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್‌ಗೂ ಹೊಲಿಗೆ ಹಾಕಿದ್ದರೆ ಭಾರ ಹಾಕುವ, ಕಾಲು ಮಡಿಸುವ ಲೆಕ್ಕವೇ ಬೇರೆ. ಉತ್ತರಕ್ಕೆ ತಡವರಿಸಿದರೆ ಎದ್ದು ಬನ್ನಿ. ಉಳಿದ ಹಣ ಕೇಳಿದಾಗ ನನಗೆ ಸಿಕ್ಕಿದ್ದು, ರಸೀದಿಯ ಹಿಂಬದಿಯ ‘ಮರುಪಾವತಿ ಇಲ್ಲ’ ಎಂಬ ಸಣ್ಣಕ್ಷರ.

ಇನ್ನೊಂದು ವಿಷಯ. ಎಣ್ಣೆ ತಿಕ್ಕುವವನು ಮೀನಖಂಡವನ್ನೂ ಬಲವಾಗಿ ಹಿಸುಕುತ್ತಿದ್ದ. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಶ್ವಾಸಕೋಶ ಸೇರಿದರೆ ಜೀವಕ್ಕೇ ಸಂಚಕಾರ. ಆಗ ಯಾರ ಕೈಗೂ ಕಾಲು ಕೊಡದೆ ಅಂದೇ ಆಸ್ಪತ್ರೆಗೆ ಹೋಗಿ.