‘ಡೂ’ ಹಾಕಬೇಕಾ, ‘ಮೇಕ್’ ಹಾಕಬೇಕಾ?

ನಮಗೆ ಎಲ್ಲದಕ್ಕೂ ‘ಮಾಡು’ ಸಾಕು. ಟೀ ಮಾಡು, ಹೋಂವರ್ಕ್ ಮಾಡು, ಗಲಾಟೆ ಮಾಡಬೇಡ. ಇಂಗ್ಲಿಷ್‌ನಲ್ಲಿ ಮಾತ್ರ ‘ಡೂ’, ‘ಮೇಕ್’ ಎರಡರಲ್ಲಿ ಒಂದನ್ನು ಆರಿಸಬೇಕು.

ಕೆಲಸ ಆದ ಮೇಲೆ ಹೊಸದೇನಾದರೂ ಹುಟ್ಟಿತಾ ಅಂತ ನೋಡಿ. ಟೀ, ದೋಸೆ, ಸದ್ದು ಮೊದಲು ಇರಲಿಲ್ಲ, ಈಗ ಇವೆ. ಹಾಗಾಗಿ ಮೇಕ್. ಪಾತ್ರೆ ತೊಳೆದರೆ ಹೊಸದೇನೂ ಹುಟ್ಟುವುದಿಲ್ಲ, ಕೆಲಸ ಮುಗಿಯುತ್ತದೆ ಅಷ್ಟೇ. ಅಲ್ಲಿ ‘ಡೂ ದ ಡಿಶಸ್’.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ‘ಮೇಕ್ ದ ಬೆಡ್’ ಅಂದರೆ ಹಾಸಿಗೆ ಸರಿಮಾಡುವುದು, ಮಂಚ ಮಾಡಿಸುವುದಲ್ಲ. ವ್ಯಾಪಾರಕ್ಕೆ ‘ಡೂ ಬಿಸಿನೆಸ್’, ಅದರಲ್ಲಿ ದುಡ್ಡು ಮಾಡಿದರೆ ‘ಮೇಕ್ ಮನಿ’! ತಪ್ಪು, ನಿರ್ಧಾರ, ಫೋನ್ ಕರೆ ಮೂರಕ್ಕೂ ಮೇಕ್. ಉಪಕಾರಕ್ಕೆ ಡೂ. ಇವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡುವುದು ವಾಸಿ.

ವ್ಯಾಕರಣದಲ್ಲಿ ಡೂಗೆ ಕೆಲಸ ಜಾಸ್ತಿ. ‘ಡೂ ಯು ನೋ?’, ‘ಐ ಡೋಂಟ್ ನೋ’ ಅನ್ನುವಾಗ ಅದಕ್ಕೆ ತನ್ನದೇ ಅರ್ಥವಿಲ್ಲ, ಪ್ರಶ್ನೆಗೋ ನಿಷೇಧಕ್ಕೋ ಊರುಗೋಲು ಅಷ್ಟೇ. ಮೇಕ್‌ಗೆ ಅದು ಆಗುವುದಿಲ್ಲ. ಅದರ ಬಲ ಇನ್ನೊಬ್ಬರಿಂದ ಮಾಡಿಸುವುದರಲ್ಲಿದೆ. ‘ಶಿ ಮೇಡ್ ಮಿ ವೇಟ್’ ಅಂದರೆ ಅವಳು ನನ್ನನ್ನು ಕಾಯಿಸಿದಳು. ನಮ್ಮ ‘ಇಸು’ ಪ್ರತ್ಯಯ ಮಾಡುವ ಕೆಲಸವೇ ಅಲ್ವಾ? ‘ಮೇಡ್ ಮಿ ಟು ವೇಟ್’ ಅಂತ ನಡುವೆ ‘ಟು’ ತುರುಕಬೇಡಿ. ‘ಐ ವಾಸ್ ಮೇಡ್ ಟು ವೇಟ್’ ಅಂತ ತಿರುಗಿಸಿದಾಗ ಮಾತ್ರ ಅದು ಬೇಕು.

ಇನ್ನು ಸ್ನಾನ, ಊಟಕ್ಕೆ ಎರಡೂ ಬೇಡ, ‘ಹ್ಯಾವ್’ ಹಾಕಿ. ‘ಐ ಮೇಡ್ ಲಂಚ್’ ಅಂದರೆ ನೀವು ಅಡುಗೆ ಮಾಡಿದಿರಿ, ಉಂಡಿರೋ ಇಲ್ಲವೋ ಗೊತ್ತಿಲ್ಲ.